ನಿಷ್ಠುರದ ಋಣ

ವಸ್ತಾರೆಯ ಸುತ್ತಲಿನ ತೋಟದ ಮನೆಗಳಲ್ಲಿ ಈಗ ಕಾಫಿ, ಮೆಣಸು, ಮಳೆಯ ಮಾತಿನ ನಡುವೆ ಇನ್ನೊಂದು ಬಗೆಯ ಮಾತೂ ಕೇಳಿಸುತ್ತದೆ. ಬೆಂಗಳೂರಿನ ಕಂಪನಿಗಳಿಗೆ ದುಡಿಯುವ ಮಕ್ಕಳು ಕೊರೋನಾ ಕಾಲದಲ್ಲಿ ಊರಿಗೆ ಬಂದು ಕಲಿತ ರೂಢಿಯನ್ನು ಅಷ್ಟಿಷ್ಟು ಉಳಿಸಿಕೊಂಡಿದ್ದಾರೆ. ಕರೆಂಟು ಇದ್ದಾಗ, ನೆಟ್‌ವರ್ಕ್ ಸಿಕ್ಕಾಗ, ಜಗಲಿಯ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂರುತ್ತಾರೆ. ಅಂಥವರಲ್ಲಿ ಒಬ್ಬಳು, ನೆಂಟರ ಮಗಳು, ಈಚೆಗೆ ಬೇಸರದಿಂದ ಹೇಳಿದಳು: "ಮಾವ, ಎಷ್ಟೋ ವರ್ಷದಿಂದ ತಣ್ಣಗೆ ನಡೀತಿದ್ದ ಪ್ರೋಗ್ರಾಮು. ಒಂದಕ್ಷರ ಮುಟ್ಟಿಲ್ಲ. ಕಂಪೈಲರ್ ಹೊಸದು ಹಾಕಿದ್ರು ಅಷ್ಟೆ, ಈಗ ಇದು ತಪ್ಪು ಅಂತ ವಾಪಸ್ ಕಳಿಸ್ತಿದೆ." ತಪ್ಪು ಇರುವುದು ನಿಜವೇ ಎಂದು ಕೇಳಿದೆ. "ಇದೆ. ಮೊದಲಿನಿಂದಲೂ ಇತ್ತು. ಆದ್ರೆ ಇಷ್ಟು ದಿನ ಯಾರೂ ಕೇಳಿರಲಿಲ್ಲವಲ್ಲ!"

ಮೊದಲಿನಿಂದಲೂ ಇದ್ದ ತಪ್ಪನ್ನು ಇಷ್ಟು ದಿನ ಕೇಳದೆ ಇದ್ದವನಿಗೆ ಇವತ್ತು ಕೇಳುವ ಅಧಿಕಾರ ಎಲ್ಲಿಂದ ಬಂತು? ಆಕೆಯ ಅಳಲಿನಲ್ಲಿ ಅಡಗಿದ್ದ ಪ್ರಶ್ನೆ ಇದು. ಹೊರನೋಟಕ್ಕೆ ಇದು ಯಂತ್ರಜ್ಞರ ಒಳಜಗಳ. ತುಸು ಹೊತ್ತು ಜೊತೆಯಲ್ಲಿ ಕೂತು ಯೋಚಿಸಿದರೆ, ಹಳೆಯದರ ಜೊತೆ ಹೊಸದು ಹೇಗೆ ಬಾಳಬೇಕು ಎಂದು ಪ್ರತಿ ತಲೆಮಾರೂ ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆಯೇ ಇಲ್ಲಿ ಬೇರೆ ಅಂಗಿ ತೊಟ್ಟು ನಿಂತಿದೆ ಅನಿಸುತ್ತದೆ.

ಮನುಷ್ಯರು ತಮಗೆ ಓದಲು ಬರುವಂತೆ ಬರೆದ ಪ್ರೋಗ್ರಾಮನ್ನು ಯಂತ್ರ ನಡೆಸಬಲ್ಲ ಆದೇಶಗಳಾಗಿ ಮಾರ್ಪಡಿಸಿಕೊಡುವುದು ಕಂಪೈಲರಿನ ಕೆಲಸ. ಹಾಗೆ ಮಾರ್ಪಡಿಸುವಾಗ ಬರೆದವನ ಮಾತು ಅಸ್ಪಷ್ಟವಾಗಿದ್ದರೆ ಅದು ಎರಡರಲ್ಲಿ ಒಂದನ್ನು ಮಾಡಬಹುದು: ಸರಿಪಡಿಸಿಕೊಂಡು ಬಾ ಎಂದು ನಿಲ್ಲಿಸಬಹುದು, ಇಲ್ಲವೇ ಇವನು ಹೇಳಹೊರಟದ್ದು ಇದೇ ಇರಬೇಕು ಎಂದು ತಾನೇ ಊಹಿಸಿಕೊಂಡು ಮುಂದೆ ಸಾಗಬಹುದು. 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ರೂಪಿಸಿದ ಸಿ ಭಾಷೆಯದು ಎರಡನೆಯ ಸ್ವಭಾವ. ಒಂದು ಫಂಕ್ಷನ್, ಅಂದರೆ ಹೆಸರಿಟ್ಟು ಬೇಕಾದಾಗ ಕರೆಯಬಹುದಾದ ಪ್ರೋಗ್ರಾಮಿನ ತುಣುಕು, ಎಂಥದೆಂದು ಮೊದಲು ಘೋಷಿಸದೆ ನೇರವಾಗಿ ಅದನ್ನು ಕರೆದರೂ ಕಂಪೈಲರ್ ಆಕ್ಷೇಪಿಸುತ್ತಿರಲಿಲ್ಲ. ಅದು ಪೂರ್ಣಾಂಕವೊಂದನ್ನು ಮರಳಿಸುತ್ತದೆ ಎಂದು ಭಾವಿಸಿಕೊಂಡು ಸುಮ್ಮನಾಗುತ್ತಿತ್ತು. ಯಂತ್ರಗಳು ಚಿಕ್ಕವಾಗಿದ್ದ, ಬರೆಯುವವರು ಬೆರಳೆಣಿಕೆಯಷ್ಟಿದ್ದ, ಒಬ್ಬರ ಮನಸ್ಸು ಇನ್ನೊಬ್ಬರಿಗೆ ತಿಳಿದಿದ್ದ ಕಾಲದ ಸಲಿಗೆ ಅದು. ಆ ಕಾಲದಲ್ಲಿ ಅದರಿಂದ ಹೆಚ್ಚಿನ ಕೇಡೂ ಆಗಲಿಲ್ಲ.

ಕೇಡು ಬಂದದ್ದು ಲೋಕ ಬದಲಾದಾಗ. ನೆನಪಿನ ಕೋಶದ ವಿಳಾಸ 64 ಬಿಟ್‌ಗಳಷ್ಟು ಉದ್ದವಾಗಿ, ಪೂರ್ಣಾಂಕ ಮಾತ್ರ 32ರಲ್ಲೇ ಉಳಿದ ಯಂತ್ರಗಳು ಬಂದ ಮೇಲೆ, ವಿಳಾಸ ಮರಳಿಸಬೇಕಾದ ಫಂಕ್ಷನ್ನು ಪೂರ್ಣಾಂಕ ಮರಳಿಸುತ್ತದೆಂಬ ಹಳೆಯ ಊಹೆಯಿಂದ ಆ ವಿಳಾಸದ ಅರ್ಧ ಭಾಗವೇ ಕತ್ತರಿಸಿಹೋಗುತ್ತಿತ್ತು. ಪ್ರೋಗ್ರಾಮು ಒಮ್ಮೊಮ್ಮೆ ಅದೃಷ್ಟದಿಂದ ನಡೆಯುತ್ತಿತ್ತು, ಮತ್ತೊಮ್ಮೆ ತಪ್ಪಿನಿಂದ ಬಹು ದೂರದ ಯಾವುದೋ ಸಾಲಿನಲ್ಲಿ ಕುಸಿಯುತ್ತಿತ್ತು. ಹುಡುಕುವವರು ಕುಸಿದ ಜಾಗವನ್ನೇ ಕೆದಕುತ್ತ ಕೂರುತ್ತಿದ್ದರು. 1999ರ ಸಿ ಮಾನಕ ಈ ಸಲಿಗೆಯನ್ನು ಭಾಷೆಯಿಂದ ತೆಗೆದುಹಾಕಿತು. ಆದರೂ ಪ್ರಮುಖ ಕಂಪೈಲರುಗಳು ಹೆಚ್ಚೆಂದರೆ ಒಂದು ಎಚ್ಚರಿಕೆಯ ಸಾಲು ಮುದ್ರಿಸಿ ಹಳೆಯದನ್ನು ಹಾಗೆಯೇ ಒಪ್ಪಿಕೊಳ್ಳುತ್ತ ಬಂದವು. ಕ್ಲ್ಯಾಂಗ್ ಎಂಬ ಕಂಪೈಲರ್ ತನ್ನ 16ನೆಯ ಆವೃತ್ತಿಯಲ್ಲಿ, 2023ರಲ್ಲಿ, ಇದನ್ನು ದೋಷವೆಂದು ನಿಲ್ಲಿಸತೊಡಗಿತು. ಜಿಸಿಸಿ ಎಂಬ ಇನ್ನೊಂದು ಕಂಪೈಲರ್ ತನ್ನ 14ನೆಯ ಆವೃತ್ತಿಯಲ್ಲಿ, 2024ರಲ್ಲಿ. ನಿಯಮ ಬರೆದದ್ದಕ್ಕೂ ಅದನ್ನು ಕಟ್ಟುನಿಟ್ಟಾಗಿ ಜಾರಿಗೆ ತಂದದ್ದಕ್ಕೂ ನಡುವೆ ಕಾಲು ಶತಮಾನ.

ಈ ಕಾಲು ಶತಮಾನದ ಸಹನೆಯನ್ನು ಏನೆಂದು ಕರೆಯೋಣ? ಉದಾರತೆ ಎನ್ನಲು ಮನಸ್ಸಾಗುತ್ತದೆ. ಆದರೆ ಉದಾರತೆಯಲ್ಲಿ ಎದುರಿನವನ ಮಾತನ್ನು ಕಿವಿಗೊಟ್ಟು ಕೇಳುವುದೊಂದು ಇರುತ್ತದೆ. ಅರ್ಥವಾಗದಿದ್ದರೆ ಮತ್ತೆ ಕೇಳುವ ಸೈರಣೆ ಇರುತ್ತದೆ. ಹೇಳಿದ್ದು ಸ್ಪಷ್ಟವಿಲ್ಲದಿದ್ದರೂ ತಲೆಯಾಡಿಸಿ, ತನಗೆ ತೋಚಿದ್ದನ್ನು ಮಾಡಿ ಮುಗಿಸುವವನನ್ನು ನಾವು ಉದಾರಿ ಎನ್ನುತ್ತೇವೆಯೇ? ನಮ್ಮ ಸಂಸಾರಗಳಲ್ಲಿ, ಕಚೇರಿಗಳಲ್ಲಿ ಇಂಥ ಸಹನೆ ಬೇಕಾದಷ್ಟಿದೆ. ನಿಷ್ಠುರವಾಗುವುದು ಬೇಡವೆಂದು ಸುಮ್ಮನಿದ್ದು, ಒಳಗೊಳಗೇ ತಪ್ಪು ಲೆಕ್ಕ ಬೆಳೆಯಲು ಬಿಟ್ಟು, ಕೊನೆಗೊಂದು ದಿನ ಅದು ಕುಸಿದಾಗ ತನಗೇನೂ ಗೊತ್ತೇ ಇರಲಿಲ್ಲವೆಂಬಂತೆ ನಿಲ್ಲುವ ಸಹನೆ. ಅದರಲ್ಲಿ ದಯೆಗಿಂತ ತನ್ನ ನೆಮ್ಮದಿಯ ಮೇಲಿನ ಆಸೆಯೇ ಹೆಚ್ಚು. ಆ ದೃಷ್ಟಿಯಿಂದ ನೋಡಿದರೆ, ಇಲ್ಲಿ ತಪ್ಪಿದೆ ಎಂದು ಎದುರಿಗೇ ಹೇಳುವ ಕಂಪೈಲರ್, ಮುಗುಳ್ನಕ್ಕು ಒಪ್ಪಿಕೊಳ್ಳುವ ಕಂಪೈಲರಿಗಿಂತ ಪ್ರಾಮಾಣಿಕ ಗೆಳೆಯ.

ಆದರೆ ವಿಚಾರ ಇಲ್ಲಿಗೆ ಮುಗಿಯುವುದಿಲ್ಲ. ನಿಷ್ಠುರದ ಮಾತು ಸಲ್ಲಬೇಕಾದವನಿಗೆ ಸಲ್ಲುತ್ತದೆಯೇ ಎಂದೂ ಕೇಳಬೇಕಾಗುತ್ತದೆ. ಹಳೆಯ ಪ್ರೋಗ್ರಾಮು ಬರೆದವರು ಈಗ ಎಲ್ಲಿದ್ದಾರೋ. ಕೆಲವರು ನಿವೃತ್ತರು, ಕೆಲವರು ತೀರಿಕೊಂಡವರು. ತಾವು ಬರೆಯುವಾಗ ಜಾರಿಯಲ್ಲಿದ್ದ ನಿಯಮವನ್ನು ಅವರು ಮುರಿದವರಲ್ಲ. ಇಂದು ದೋಷದ ಪಟ್ಟಿಯನ್ನು ಎದುರಿಸಿ ಕೂತವರು ಆ ಪ್ರೋಗ್ರಾಮನ್ನು ಬರೆಯದೆ ಬರಿದೇ ನಂಬಿಕೊಂಡವರು: ಸಂಶೋಧನೆಯ ವಿದ್ಯಾರ್ಥಿ, ಚಿಕ್ಕ ಕಾರ್ಖಾನೆಯ ಗುಮಾಸ್ತ, ಸಂಬಳವಿಲ್ಲದೆ ಅದನ್ನು ಕಾಪಾಡಿಕೊಂಡು ಬಂದ ಯಾರೋ ಒಬ್ಬ ಸ್ವಯಂಸೇವಕ. ಅಪ್ಪ ಮಾಡಿದ ಸಾಲವನ್ನು ಮಗ ತೀರಿಸಬೇಕೆಂಬ ನ್ಯಾಯ ನಮಗೆ ಹೊಸದಲ್ಲ. ಆದರೆ ಸಾಲ ಮಾಡುವಾಗ ಅದನ್ನು ಸಾಲವೆಂದೇ ಯಾರೂ ಕರೆದಿರದಿದ್ದರೆ?

ಕಟ್ಟುನಿಟ್ಟಿನೊಳಗೂ ಒಂದು ಮೌನದ ಅಪಾಯ ಅಡಗಿರುತ್ತದೆ. ಹಳೆಯ ಪ್ರೋಗ್ರಾಮುಗಳು ಸಾಮಾನ್ಯವಾಗಿ ತಾವು ಬಂದಿಳಿದ ಯಂತ್ರದಲ್ಲಿ ಯಾವ ಯಾವ ಅನುಕೂಲಗಳಿವೆ ಎಂದು ತಿಳಿಯಲು ಮೊದಲು ಪುಟ್ಟ ಪರೀಕ್ಷಾ ತುಣುಕುಗಳನ್ನು ಕಂಪೈಲರಿಗೆ ಕೊಟ್ಟು ನೋಡುತ್ತವೆ. ತುಣುಕು ಒಪ್ಪಿಗೆಯಾದರೆ ಆ ಅನುಕೂಲ ಇದೆ, ತಿರಸ್ಕೃತವಾದರೆ ಇಲ್ಲ ಎಂಬುದು ಅವುಗಳ ತರ್ಕ. ಈ ತುಣುಕುಗಳನ್ನು ಬರೆದದ್ದೂ ಹಳೆಯ ಸಲಿಗೆಯಲ್ಲೇ. ಹೊಸ ಕಂಪೈಲರ್ ಅವುಗಳ ವ್ಯಾಕರಣ ನೋಡಿ ತಿರಸ್ಕರಿಸಿದಾಗ, ಪ್ರೋಗ್ರಾಮು ಆ ಅನುಕೂಲವೇ ಇಲ್ಲವೆಂದು ತಿಳಿದು, ಯಾರಿಗೂ ಹೇಳದೆ, ತನ್ನ ಒಂದು ಸಾಮರ್ಥ್ಯವನ್ನೇ ಕಳೆದುಕೊಂಡು ಸಿದ್ಧವಾಗಿಬಿಡಬಹುದು. ಊಹೆಯನ್ನು ನಿಲ್ಲಿಸಲು ಹೊರಟ ಬಿಗಿ ಇನ್ನೊಂದು ಊಹೆಗೆ ದಾರಿ ಮಾಡಿಕೊಟ್ಟಿತು. ಪರೀಕ್ಷೆಯ ಕೊಠಡಿಯಲ್ಲಿ ಮಗು ತಡವರಿಸಿದ್ದು ಪ್ರಶ್ನೆಯ ಭಾಷೆ ತಿಳಿಯದೆಯೋ ಉತ್ತರ ತಿಳಿಯದೆಯೋ ಎಂದು ವಿಚಾರಿಸದೆ ದಡ್ಡನೆಂದು ಬರೆದಿಡುವ ನಮ್ಮ ಅಭ್ಯಾಸ ನೆನಪಾಗುವುದಿಲ್ಲವೇ?

ಇನ್ನೂ ಸೂಕ್ಷ್ಮವಾದ ಭೇದವೊಂದಿದೆ. 2025ರಲ್ಲಿ ಬಂದ ಜಿಸಿಸಿಯ 15ನೆಯ ಆವೃತ್ತಿ, ಬೇರೆ ಸೂಚನೆ ಇಲ್ಲದಿದ್ದರೆ ಎಲ್ಲವನ್ನೂ ಸಿ23 ಎಂಬ ಹೊಸ ಮಾನಕದಂತೆ ಓದುತ್ತದೆ. ನಿಜ, ಸುಳ್ಳು ಎಂಬ ಬೆಲೆಗಳನ್ನು ಹೇಳುವ ಬೂಲ್, ಟ್ರೂ, ಫಾಲ್ಸ್ ಎಂಬ ಪದಗಳು ಈಗ ಭಾಷೆಯ ಸ್ವಂತ ಆಸ್ತಿ. ಹಿಂದೆ ಭಾಷೆಯಲ್ಲಿ ಅವು ಇಲ್ಲದಿದ್ದಾಗ ತಮ್ಮ ಅನುಕೂಲಕ್ಕೆ ತಾವೇ ಅವನ್ನು ಕಟ್ಟಿಕೊಂಡಿದ್ದ ಅದೆಷ್ಟೋ ಪ್ರೋಗ್ರಾಮುಗಳು ಇದರಿಂದ ಎಡವಿದವು. ಇವರದ್ದು ತಪ್ಪೇ? ಭಾಷೆ ಕೊಡದಿದ್ದುದನ್ನು ಕಟ್ಟಿಕೊಂಡವರು ಇವರು. ಒಂದರ್ಥದಲ್ಲಿ ಭಾಷೆಗೆ ದಾರಿ ತೋರಿಸಿದವರು. ಅರ್ಧ ವಿಳಾಸ ಕತ್ತರಿಸುವ ಊಹೆ ತಪ್ಪು. ಮೊದಲೇ ಕಟ್ಟಿಕೊಂಡ ಬೂಲ್ ಬರಿದೇ ಹಳತು. ಕಂಪೈಲರಿನ ಪರದೆಯ ಮೇಲೆ ಎರಡಕ್ಕೂ ಒಂದೇ ಹೆಸರು, ಎರಡೂ ದೋಷ. ಹಳತು ಮತ್ತು ತಪ್ಪು ಇವೆರಡನ್ನೂ ಒಂದೇ ಕೆಂಪು ಶಾಯಿಯಲ್ಲಿ ಗುರುತಿಸುವ ಮನಸ್ಸು ಯಂತ್ರದ್ದು ಮಾತ್ರವಲ್ಲ. ಹಿರಿಯರ ನಡೆ ನುಡಿಗಳನ್ನು ಅಳೆಯುವಾಗ ನಾವೂ ಇದನ್ನೇ ಮಾಡುತ್ತೇವೆ. ಅವರ ಕಾಲದ ಅನಿವಾರ್ಯವನ್ನೂ ಅವರ ಅನ್ಯಾಯವನ್ನೂ ಒಂದೇ ತಕ್ಕಡಿಗೆ ಹಾಕುತ್ತೇವೆ. ಅದರಿಂದ ಅನ್ಯಾಯದ ತೂಕ ಕಡಿಮೆಯಾಗುತ್ತದೆಯೇ ಹೊರತು ಅನಿವಾರ್ಯಕ್ಕೆ ನ್ಯಾಯ ಸಿಗುವುದಿಲ್ಲ.

ಕನ್ನಡ ಈ ಇಕ್ಕಟ್ಟನ್ನು ಬಹಳ ಹಿಂದೆಯೇ ಕಂಡಿದೆ. ಹೊಯ್ಸಳರ ಮೂಲನೆಲೆ ಎನ್ನುವ ಸೊಸೆವೂರು ನಮ್ಮ ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಹಳ್ಳಿ. ಆ ರಾಜ್ಯದ ಕಾಲದಲ್ಲೇ, ಹದಿಮೂರನೆಯ ಶತಮಾನದಲ್ಲಿ, ಕೇಶಿರಾಜ ಶಬ್ದಮಣಿದರ್ಪಣ ಬರೆದ. ಅವನ ಕಾಲಕ್ಕೆ ಹಳಗನ್ನಡದ ೞ ಎಂಬ ಅಕ್ಷರ ಜನರ ಬಾಯಲ್ಲಿ ಕರಗಿ ಳಕಾರದಲ್ಲೋ ರಕಾರದಲ್ಲೋ ಸೇರಿಹೋಗುತ್ತಿತ್ತು. ಕೇಶಿರಾಜ ಬಿಗಿಯಾದ ವೈಯಾಕರಣ. ಳಕಾರದ ಭೇದಗಳನ್ನು ವಿಂಗಡಿಸಿ, ಯಾವ ಶಬ್ದಗಳಲ್ಲಿ ೞ ಇರಬೇಕೆಂದು ಎಣಿಸಿಕೊಟ್ಟ. ಆದರೆ ತನ್ನ ಸೂತ್ರಗಳಿಗೆ ಆಧಾರವಾಗಿ ಅವನು ಮುಂದಿಟ್ಟದ್ದು ಹಿಂದಿನ ಕವಿಗಳ ಪ್ರಯೋಗಗಳನ್ನು. ಹಳಬರನ್ನು ಹೊಸ ನಿಯಮದ ಕಟಕಟೆಯಲ್ಲಿ ನಿಲ್ಲಿಸುವ ಬದಲು ಅವರನ್ನೇ ನಿಯಮದ ಸಾಕ್ಷಿಗಳಾಗಿ ಕರೆದ. ಭಾಷೆ ಅವನ ಮಾತು ಕೇಳಲಿಲ್ಲ, ೞ ಬಳಕೆಯಿಂದ ಹೊರಟೇಹೋಯಿತು. ಆದರೂ ಶಾಸನಗಳಲ್ಲಿ, ಕಾವ್ಯಗಳಲ್ಲಿ ಆ ಅಕ್ಷರ ಎದುರಾದಾಗ ಅದನ್ನು ಗುರುತಿಸಿ ಓದಲು ಇಂದಿಗೂ ಅವನ ಆಸರೆ ಬೇಕು. ನಿಷ್ಠುರತೆಯ ಒಂದು ಪ್ರಯೋಜನ ಇದೂ ಇರಬಹುದು: ಅದು ಸೋತರೂ ದಾಖಲೆಯಾಗಿ ಉಳಿಯುತ್ತದೆ.

ಅದೇ ೞ ಕಂಪ್ಯೂಟರಿನ ಯುಗಕ್ಕೆ ಬಂದಾಗ ಇನ್ನೊಂದು ಪಾಠ ಹೇಳಿಕೊಟ್ಟಿತು. ಲೋಕದ ಲಿಪಿಗಳಿಗೆಲ್ಲ ಸಂಕೇತ ಕೊಡುವ ಯೂನಿಕೋಡ್‌ನಲ್ಲಿ ಈ ಅಕ್ಷರ ಸೇರಿತಾದರೂ ಅದರ ಹೆಸರು ತಪ್ಪಾಗಿ ‘ಕನ್ನಡ ಅಕ್ಷರ ಫ’ ಎಂಬರ್ಥದಲ್ಲಿ ದಾಖಲಾಯಿತು. ಒಮ್ಮೆ ಕೊಟ್ಟ ಹೆಸರನ್ನು ಬದಲಾಯಿಸಬಾರದು ಎಂಬುದು 1996ರ ಎರಡನೆಯ ಆವೃತ್ತಿಯಿಂದೀಚೆಗೆ ಯೂನಿಕೋಡ್‌ನ ಕಟ್ಟಳೆ. ಎಲ್ಲೋ ಯಾವುದೋ ಪ್ರೋಗ್ರಾಮು ಆ ಹೆಸರನ್ನೇ ನಂಬಿಕೊಂಡಿರಬಹುದಲ್ಲ. ಹಾಗೆಂದು ತಪ್ಪನ್ನು ಮುಚ್ಚಿಡಲೂ ಇಲ್ಲ. ತಪ್ಪು ಹೆಸರನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ಸರಿಯಾದ ಹೆಸರನ್ನು ಅಧಿಕೃತ ತಿದ್ದುಪಡಿಯೆಂದು ಬರೆದಿಟ್ಟರು. ನಂಬಿದವರನ್ನು ಕೈಬಿಡದೆ ಸತ್ಯವನ್ನೂ ಬಿಟ್ಟುಕೊಡದೆ ಇರುವ ಈ ದಾರಿ ನೋಡಲು ಅಂದವಾಗಿಲ್ಲ. ಪುಸ್ತಕದಲ್ಲಿ ಒಂದು ಕಲೆ ಖಾಯಂ ಆಗಿ ಉಳಿಯಿತು. ಮಾಡಿದ ತಪ್ಪಿನ ಗುರುತನ್ನು ಎಲ್ಲರೂ ಕಾಣುವಂತೆ ಹೊತ್ತುಕೊಂಡು ಬಾಳುವ ಧೈರ್ಯ ಸಂಸ್ಥೆಗಳಲ್ಲಿ ಎಷ್ಟಕ್ಕಿದೆ?

ನಮ್ಮ ರಾಜ್ಯದಲ್ಲಿ ಇಂಥ ಪ್ರಶ್ನೆ ಮನೆಮನೆಯ ಹೊಸ್ತಿಲಿಗೂ ಬಂದದ್ದುಂಟು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಡಿ ಪಹಣಿಗಳು ಕಂಪ್ಯೂಟರಿಗೆ ಏರಿದವು, ಕೈಬರಹದ ಪಹಣಿಯ ಚಲಾವಣೆ ನಿಂತಿತು. ಅದು ಆಗಬೇಕಾದದ್ದೇ ಆಗಿತ್ತು. ಗುಟ್ಟಾಗಿ ತಿದ್ದಬಹುದಾದ ಕಡತ ಒಬ್ಬರ ಕೈಯಲ್ಲಿದ್ದಾಗ ಬಡವನ ಹೊಲಕ್ಕೆ ಭದ್ರತೆ ಎಲ್ಲಿಯದು? ಆದರೆ ಹಳೆಯ ಬರಹಕ್ಕಿದ್ದ ಸಡಿಲು ಹೊಸ ಪರದೆಗೆ ಇರಲಿಲ್ಲ. ಬಿನ್ ಎಂದೋ ಕೋಂ ಎಂದೋ ಹಿಂದೆ ಮುಂದೆ ಸೇರಿಸಿಕೊಂಡು, ಮನೆತನದ ಹೆಸರನ್ನು ಒಮ್ಮೆ ಹಾಕಿ ಒಮ್ಮೆ ಬಿಟ್ಟು ಬರೆದ ಹೆಸರುಗಳನ್ನು ಊರಿನ ಶಾನುಭೋಗರ ಕಣ್ಣು ಒಬ್ಬರದೇ ಎಂದು ಗುರುತಿಸುತ್ತಿತ್ತು. ಯಂತ್ರಕ್ಕೆ ಅವು ಬೇರೆ ಬೇರೆ ಮನುಷ್ಯರು. ಈಗ ಪಹಣಿಯ ಹೆಸರು ಆಧಾರ್‌ನ ಹೆಸರಿಗೆ ತಾಳೆಯಾಗದೆ ತಾಲ್ಲೂಕು ಕಚೇರಿಗೆ ಅಲೆಯುವ ರೈತ ಆ ಬರಹವನ್ನು ಬರೆದವನಲ್ಲ. ನಿಯಮವನ್ನು ಮಾಡಿದವನೂ ಅಲ್ಲ. ಬಿಗಿ ಸರಿಯಾಗಿತ್ತು, ಅದರ ಭಾರ ಇಳಿದ ಹೆಗಲು ಸರಿಯಾಗಿರಲಿಲ್ಲ.

ಮಳೆಯ ಲೆಕ್ಕದಲ್ಲೂ ಇದೇ ಮಾತು ಬರುತ್ತದೆ. ಈ ಸೀಮೆಯ ತೋಟಗಳಲ್ಲಿ ದಿನದ ಮಳೆಯನ್ನು ಇಂಚು ಸೆಂಟುಗಳಲ್ಲಿ ಬರೆದಿಡುವ ಸಂಪ್ರದಾಯ ಹಳೆಯದು. ಹೂಮಳೆ ಯಾವ ದಿನ ಎಷ್ಟು ಬಿತ್ತು, ಅದರ ನಂತರದ ಬ್ಯಾಕಿಂಗ್ ಮಳೆ ಎಂದು ಬಂತು ಎಂಬುದರ ಮೇಲೆ ಇಡೀ ವರ್ಷದ ಫಸಲು ನಿಂತಿರುತ್ತದೆ. ಅಂಥ ಪುಸ್ತಕದಲ್ಲಿ ಅಂಕಿಯ ಜಾಗದಲ್ಲಿ ಕೆಲವೊಮ್ಮೆ ‘ಸೋನೆ’ ಎಂದಷ್ಟೇ ಬರೆದಿರುತ್ತದೆ ಎಂದುಕೊಳ್ಳಿ. ಅಂಕಿಯನ್ನಷ್ಟೇ ಒಪ್ಪುವ ಹೊಸ ನಮೂನೆಗೆ ಇದನ್ನು ಏರಿಸುವವನು ಏನು ಮಾಡಬೇಕು? ಸೊನ್ನೆ ಬರೆದರೆ ಸುಳ್ಳು, ಖಾಲಿ ಬಿಟ್ಟರೆ ಆ ದಿನ ಯಾರೂ ನೋಡಲೇ ಇಲ್ಲವೆಂಬ ಇನ್ನೊಂದು ಸುಳ್ಳು. ಹವಾಮಾನ ಶಾಸ್ತ್ರ ಇದಕ್ಕೊಂದು ಪರಿಹಾರ ಕಂಡುಕೊಂಡಿದೆ. ಬಿದ್ದದ್ದು ನಿಜ ಆದರೆ ಅಳತೆಗೆ ಸಿಗದು ಎನ್ನುವಷ್ಟು ಮಳೆಯನ್ನು ಸೊನ್ನೆಯಿಂದ ಬೇರೆಯಾಗಿ ಗುರುತಿಸುವ ಪದ್ಧತಿ ಅದರಲ್ಲಿದೆ. ನಿಜವಾದ ಶಿಸ್ತು ತನ್ನ ಅಳತೆಗೋಲಿನ ಮಿತಿಯನ್ನೂ ನಿಯಮದೊಳಗೇ ಬರೆದುಕೊಳ್ಳುತ್ತದೆ.

ಆ ಮಳೆಯನ್ನು ಮುಂಚಿತವಾಗಿ ಹೇಳಲು ಯತ್ನಿಸುವ ಪ್ರೋಗ್ರಾಮುಗಳ ಕತೆಯೂ ಬೆಂಗಳೂರಿನಲ್ಲೇ ನಡೆದಿದೆ. ಅವು ಬಹುಪಾಲು ಫೋರ್ಟ್ರಾನ್‌ನಲ್ಲಿದ್ದವು. 1957ರಲ್ಲಿ ಐಬಿಎಂ ಹೊರತಂದ ಆ ಭಾಷೆಯಲ್ಲಿ, ಬೇರೆ ಹೇಳದಿದ್ದರೆ, ಐ ಅಕ್ಷರದಿಂದ ಎನ್ ಅಕ್ಷರದವರೆಗೆ ಶುರುವಾಗುವ ಹೆಸರುಗಳೆಲ್ಲ ಪೂರ್ಣಾಂಕಗಳೆಂದು ತಂತಾನೇ ಊಹಿಸಿಕೊಳ್ಳುವ ಸಲಿಗೆ ಇತ್ತು. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ 1986ರಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರ್ ಕಟ್ಟಿದ ಬಳಗದ ಯು.ಎನ್. ಸಿನ್ಹ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ರವಿ ನಂಜುಂಡಯ್ಯ, ವಾಯುಮಂಡಲದ ಹಳೆಯ ಮಾದರಿಯೊಂದನ್ನು ಹೊಸ ಕಾಲದ ಶಿಸ್ತಿನಿಂದ ಮರುರೂಪಿಸಿದರೆ ಏನಾಗುತ್ತದೆಂದು 1999ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಆ ಪ್ರಯೋಗಾಲಯದ ಮುನ್ಸೂಚನಾ ಮಾದರಿಗೆ ‘ವರ್ಷ’ ಎಂದೇ ಹೆಸರಾಯಿತು. ಹಳೆಯದನ್ನು ಬೈಯುತ್ತ ಕೂರುವ ಬದಲು ಸಾಲು ಸಾಲಾಗಿ ಓದಿ, ಅದು ಏನು ಹೇಳಹೊರಟಿತ್ತೆಂದು ಅರ್ಥ ಮಾಡಿಕೊಂಡು ಮತ್ತೆ ಬರೆಯುವುದು ಎಷ್ಟು ದೊಡ್ಡ ದುಡಿಮೆ! ಎಲ್ಲರಿಗೂ ಆ ಪುರಸೊತ್ತು ಇರುವುದಿಲ್ಲ. 2020ರಲ್ಲಿ ಜಿಸಿಸಿಯ ಫೋರ್ಟ್ರಾನ್ ಕಂಪೈಲರ್, ಕರೆಯುವಾಗ ಕೊಡುವುದಕ್ಕೂ ಫಂಕ್ಷನ್ನು ನಿರೀಕ್ಷಿಸುವುದಕ್ಕೂ ಹೊಂದಾಣಿಕೆಯಾಗದಿದ್ದರೆ ದೋಷವೆನ್ನತೊಡಗಿದಾಗ ಎಷ್ಟೋ ವೈಜ್ಞಾನಿಕ ಪ್ರೋಗ್ರಾಮುಗಳು ನಿಂತವು. ತಿದ್ದಲು ಪುರಸೊತ್ತಿಲ್ಲದವರಿಗಾಗಿ, ಈ ಒಂದನ್ನು ಸದ್ಯಕ್ಕೆ ಮನ್ನಿಸು ಎಂದು ಹೇಳುವ ಸೂಚನೆಯೊಂದನ್ನೂ ಅದೇ ಕಂಪೈಲರಿನಲ್ಲಿ ಇಟ್ಟಿದ್ದರು.

ಹಾಗಾದರೆ ಬಿಗಿಯಾಗುವ ಹಕ್ಕು ಯಾರಿಗೆ ಬರುತ್ತದೆ? ಜಿಸಿಸಿ 14 ಹೊರಬರುವ ಮುಂಚಿನ ದಿನಗಳಲ್ಲಿ ನಡೆದದ್ದು ಉತ್ತರದ ಸುಳಿವು ಕೊಡುತ್ತದೆ. ಫೆಡೋರಾ ಎಂಬ ಮುಕ್ತ ತಂತ್ರಾಂಶ ಬಳಗದಲ್ಲಿ ಫ್ಲೋರಿಯನ್ ವೈಮರ್ ಮತ್ತು ಜೊತೆಗಾರರು, ಜೆಂಟೂ ಬಳಗದ ಕೆಲವರು, ಹೊಸ ನಿಯಮ ಬಂದರೆ ಯಾವ ಯಾವ ಪ್ರೋಗ್ರಾಮುಗಳು ಮುರಿಯುತ್ತವೆಂದು ಮೊದಲೇ ಹುಡುಕಿ, ತಮ್ಮದಲ್ಲದ ಆ ಪ್ರೋಗ್ರಾಮುಗಳನ್ನು ಒಂದೊಂದಾಗಿ ತಿದ್ದಿ, ತಿದ್ದುಪಡಿಗಳನ್ನು ಆಯಾ ಲೇಖಕರಿಗೆ ಕಳಿಸಿಕೊಟ್ಟರು. ಸದ್ದಿಲ್ಲದೆ ಸಾಮರ್ಥ್ಯ ಕಳೆದುಕೊಳ್ಳುವ ಆ ಪರೀಕ್ಷಾ ತುಣುಕುಗಳನ್ನೂ ಹುಡುಕಿ ತೆಗೆದರು. ಅಷ್ಟಾದ ಮೇಲೆಯೇ ಬಾಗಿಲು ಬಿಗಿಯಾದದ್ದು. ಬಿಗಿಯಾದ ಮೇಲೂ, ಇದನ್ನು 1989ರ ಶಾಸ್ತ್ರದಂತೆ ಓದು ಎಂದು ಸ್ಪಷ್ಟವಾಗಿ ಹೇಳಿದರೆ ಕಂಪೈಲರ್ ಹಾಗೆಯೇ ಓದುತ್ತದೆ. ಅಲ್ಲಿ ಮತ್ತೆ ಊಹೆಯ ಮಾತಿಲ್ಲ. ಹಳೆಯದು ತನ್ನ ಕಾಲವನ್ನು ತಾನೇ ಹೇಳಿಕೊಂಡು, ತನ್ನ ಕಾಲದ ನಿಯಮಕ್ಕೆ ಬದ್ಧವಾಗಿ ನಡೆಯುತ್ತದೆ. ರಸ್ಟ್ ಎಂಬ ಹೊಸ ಭಾಷೆ ಈ ವಿವೇಕವನ್ನು ತನ್ನ ಅಡಿಪಾಯದಲ್ಲೇ ಇರಿಸಿಕೊಂಡಿದೆ: ಪ್ರೋಗ್ರಾಮಿನ ಪ್ರತಿ ಘಟಕವೂ ತಾನು 2015ರದ್ದೋ 2018ರದ್ದೋ 2021ರದ್ದೋ 2024ರದ್ದೋ ಎಂದು ಹೇಳಿಕೊಳ್ಳಬಹುದು, ಬೇರೆ ಬೇರೆ ಕಾಲದವು ಒಂದೇ ಪ್ರೋಗ್ರಾಮಿನೊಳಗೆ ಕೂಡಿ ದುಡಿಯಬಹುದು.

ನಿಷ್ಠುರಕ್ಕೂ ಒಂದು ಋಣವಿದೆ ಎನಿಸುವುದು ಇಲ್ಲಿ. ಬೇಡವೆನ್ನುವುದು ಸುಲಭ, ಆ ಮಾತಿನಿಂದ ಇನ್ನೊಬ್ಬರ ತಲೆಗೆ ಬೀಳುವ ಕೆಲಸದಲ್ಲಿ ತನ್ನ ಪಾಲು ಎಷ್ಟೆಂದು ಲೆಕ್ಕ ಹಾಕುವುದು ಕಷ್ಟ. ಕಾರಣ ಹೇಳದ ಬಿಗಿ ದರ್ಪವಾಗುತ್ತದೆ, ಗಡುವು ಹೇಳದ ಬಿಗಿ ಹೊಂಚು ಹಾಕಿದಂತಾಗುತ್ತದೆ, ದುಡಿಮೆಯಲ್ಲಿ ಪಾಲುಗೊಳ್ಳದ ಬಿಗಿ ಬಲವಂತನ ತೆರಿಗೆಯಾಗುತ್ತದೆ. ಅದೇ ರೀತಿ ಸಲಿಗೆ ಪಡೆದವನ ಮೇಲೂ ಋಣವಿದೆ. ವರ್ಷಗಟ್ಟಲೆ ಮುದ್ರಿತವಾಗುತ್ತಿದ್ದ ಎಚ್ಚರಿಕೆಯ ಸಾಲನ್ನು ಓದದೆ ಪಕ್ಕಕ್ಕೆ ಸರಿಸಿದವರು, ಯಾರೂ ಕೇಳಿರಲಿಲ್ಲ ಎಂದು ಪೂರ್ತಿ ಪ್ರಾಮಾಣಿಕವಾಗಿ ಹೇಳಲಾರರು. ಮೆತ್ತಗೆ ಹೇಳಿದ್ದನ್ನು ಹೇಳಿದ್ದೇ ಅಲ್ಲವೆಂದು ತಿಳಿಯುವ ನಮ್ಮೆಲ್ಲರ ಸ್ವಭಾವವೇ ಮೆದುಮಾತಿನವರನ್ನು ಗಟ್ಟಿ ದನಿಯವರನ್ನಾಗಿ ಮಾಡುತ್ತದೆ.

ಆದ್ದರಿಂದ ಕಂಪೈಲರುಗಳು ಹಳೆಯದರ ಬಗ್ಗೆ ಇನ್ನೂ ಬಿಗಿಯಾಗಲಿ ಎಂದೇ ನನ್ನ ಮನಸ್ಸು ವಾಲುತ್ತದೆ. ಯಾವುದು ಮೌನವಾಗಿ ಕೆಡಿಸುತ್ತದೋ ಅದರ ಬಗ್ಗೆ ಬಿಗಿಯಾಗಲಿ. ಯಾವುದು ಬರಿದೇ ಹಳತೋ ಅದಕ್ಕೆ ತನ್ನ ಕಾಲದ ಹೆಸರು ಹೇಳಿಕೊಂಡು ಬಾಳುವ ಅವಕಾಶ ಇರಲಿ. ಆ ನೆಂಟರ ಹುಡುಗಿಗೆ ನಾನು ಅಂದು ಹೇಳಿದ್ದೂ ಇಷ್ಟೇ: ಪ್ರೋಗ್ರಾಮನ್ನು ತಿದ್ದು, ತಿದ್ದಿದ್ದನ್ನು ಅದನ್ನೇ ನಂಬಿಕೊಂಡ ಇನ್ನೊಬ್ಬರಿಗೂ ಕಳಿಸು, ಏಕೆ ತಿದ್ದಿದೆ ಎಂದು ಎರಡು ಸಾಲು ಬರೆದಿಡು. "ಅದು ನನ್ನ ಕೆಲಸ ಅಲ್ಲ ಮಾವ" ಎಂದಳು. ಇರಬಹುದು. ಹಳೆಯದನ್ನು ತಿದ್ದುವ ಕೆಲಸ ಮೂಲತಃ ಯಾರದ್ದೂ ಆಗಿರುವುದಿಲ್ಲ. ತಪ್ಪು ಯಾರ ಕಣ್ಣಿಗೆ ಬಿತ್ತೋ ಅವರದ್ದಾಗುತ್ತದೆ. ಕಂಪೈಲರಿಗೂ ಅದು ಅನ್ವಯಿಸುತ್ತದೆ, ನಮಗೂ.